ಕೇರ್ ಆಫ್ ಚಾಚಾ

ಅವರ ಅಂಗಿಯ ಕಾಲರಿಗೆ ಯಾವಾಗಲೂ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತಿದ್ದವು. ಒಂದು ಕೆಂಪು, ಒಂದು ಹಸಿರು. ಮಾತಾಡುತ್ತ ತಲೆ ಹೊರಳಿಸಿದರೆ ಬಿಳಿ ಗಡ್ಡದ ನಾಲ್ಕು ಕೂದಲು ಆ ಕ್ಲಿಪ್ಪಿಗೆ ಸಿಕ್ಕಿಕೊಳ್ಳುತ್ತಿದ್ದವು. ಅವರು ಮಾತು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಕೂದಲು ಬಿಡಿಸಿಕೊಂಡು, ಬಿಟ್ಟಲ್ಲಿಂದಲೇ ಮಾತು ಹಿಡಿಯುತ್ತಿದ್ದರು. ಮೊದಲ ಸಲ ನೋಡಿದವರು, ಈ ಮನುಷ್ಯ ಹಗ್ಗದ ಮೇಲಿನ ಅಂಗಿಯನ್ನು ಕ್ಲಿಪ್ಪಿನ ಸಮೇತ ತೊಟ್ಟುಕೊಂಡು ಬಂದಿದ್ದಾನೆ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಅವರದು ಸಣ್ಣ ಅಂಗಡಿ. ನೋಟುಬುಕ್ಕು, ಪೆನ್ನು, ಅರ್ಜಿ ಫಾರ್ಮು, ಆಗಾಗ ಕೆಟ್ಟು ನಿಲ್ಲುವ ಒಂದು ಝೆರಾಕ್ಸ್ ಮಷಿನ್ನು. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಅಂಗಡಿಯೊಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಗ್ಗ ಕಟ್ಟಿತ್ತು. ಅದರ ಮೇಲೆ ಕ್ಲಿಪ್ಪು ಕಚ್ಚಿದ ಪತ್ರಗಳು ತೂಗಾಡುತ್ತಿದ್ದವು. ಒಂದೂ ಅವರ ಹೆಸರಿನದಲ್ಲ. ಸುತ್ತಲಿನ ಹಳ್ಳಿಗಳಿಂದ ಓದಲು ಬಂದು, ಇಂಡಿಯಲ್ಲಿ ರೂಮು ಮಾಡಿಕೊಂಡಿದ್ದ ನಮ್ಮಂಥವರ ಪತ್ರಗಳು ಅವು. ನಾವು ವರ್ಷಕ್ಕೆ ಎರಡು ರೂಮು ಬದಲಿಸುತ್ತಿದ್ದೆವು. ಹೆಣ್ಣುಮಕ್ಕಳ ಹೆಸರಿಗೆ ಪತ್ರ ಬಂದರೆ ಮನೆಯೊಡತಿಯರ ಹುಬ್ಬು ಮೇಲೇರುತ್ತಿತ್ತು. ಊರಿನ ವಿಳಾಸ ಕೊಟ್ಟರೆ ಪತ್ರ ಯಾರದೋ ಕೈಗೆ ಸಿಕ್ಕಿ, ಯಾರದೋ ಮನೆಯ ಗೋಡೆಯ ಮಾಡಿನಲ್ಲಿ ವಾರಗಟ್ಟಲೆ ಕೂರುತ್ತಿತ್ತು. ಹೀಗಾಗಿ ಅರ್ಜಿಯ ಮೇಲೆ ನಮ್ಮ ಹೆಸರು ಬರೆದು, ಕೆಳಗೆ ‘ಕೇರ್ ಆಫ್’ ಎಂದು ಅವರ ಅಂಗಡಿಯ ವಿಳಾಸ ಹಾಕುವುದು ರೂಢಿಯಾಗಿತ್ತು.

ಈ ರೂಢಿ ಹುಟ್ಟಿದ ಕಥೆಯನ್ನು ಅವರೇ ಹೇಳುತ್ತಿದ್ದರು. ಬಹಳ ಹಿಂದೆ ಒಬ್ಬ ಹುಡುಗ ಬಂದು, ಚಾಚಾ ನಿಮ್ಮ ಕೇರ್ ಆಫ್ ಹಾಕಿಕೊಳ್ಳಲೇ ಎಂದು ಕೇಳಿದ್ದನಂತೆ. ಹಾಗೆಂದರೇನು ಎಂದು ಇವರು ಕೇಳಿದ್ದಕ್ಕೆ, ಏನಿಲ್ಲ, ಬರೆಯುವ ಪದ್ಧತಿ ಅಷ್ಟೇ ಎಂದನಂತೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದ ಚಾಚಾ ಅಷ್ಟಕ್ಕೆ ಒಪ್ಪುವ ಪೈಕಿ ಅಲ್ಲ. ಮಾರಾಟಕ್ಕೆ ಇಟ್ಟಿದ್ದ, ರಟ್ಟು ಕಿತ್ತುಹೋದ ಕಾರಣಕ್ಕೆ ಯಾರೂ ಕೊಳ್ಳದ ಒಂದು ಡಿಕ್ಷನರಿ ಅಂಗಡಿಯಲ್ಲಿತ್ತು. ಅದನ್ನು ತೆಗೆದು ಕೇರ್ ಎಂಬ ಪದ ಹುಡುಕಿದರು. ನೋಡಿದರೆ ಅದಕ್ಕೆ ಒಂದು ಅರ್ಥವಲ್ಲ, ಅರ್ಧ ಪುಟದ ಅರ್ಥ. ಚಿಂತೆ ಎನ್ನುವುದೂ ಅದೇ, ಎಚ್ಚರ ಎನ್ನುವುದೂ ಅದೇ, ಆರೈಕೆಯೂ ಅದೇ, ರಕ್ಷಣೆಯೂ ಅದೇ. ಹುಡುಗ ಹೆಸರು ಬರೆದು ಹೋಗಿಬಿಟ್ಟಿದ್ದ. ಇವರು ಮಾತ್ರ ಅವತ್ತು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತ ಕೂತಿದ್ದರಂತೆ. ಇಷ್ಟೆಲ್ಲ ತನ್ನ ತಲೆಯ ಮೇಲೆ ಹಾಕಿ ಹೋದನಲ್ಲ ಈ ಹುಡುಗ ಎಂದು.

ಅಂದಿನಿಂದ ಅವರು ಆ ಪದದ ಬೆನ್ನು ಬಿಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಪಟ್ಟಿ ಬರೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದ್ದರು. ವಿಳಾಸ ಕೇಳಲು ಬಂದ ಪ್ರತಿಯೊಬ್ಬರೂ ಆ ಪದಕ್ಕೆ ತಮ್ಮ ಮನೆಯ ಮಾತಿನ ಒಂದು ಹೆಸರು ಕೊಡಬೇಕು. ಅದೇ ಅವರು ಕೇಳುತ್ತಿದ್ದ ಬಾಡಿಗೆ. ಕನ್ನೊಳ್ಳಿಯಿಂದ ಬಂದ ನನ್ನ ಗೆಳತಿ ಜ್ವಾಕಿ ಎಂದು ಬರೆಸಿದ್ದಳು. ಯಾರೋ ನಿಗಾ ಎಂದಿದ್ದರು, ಯಾರೋ ಜತನ, ಇನ್ನಾರೋ ಫಿಕರ್. ಹುಷಾರಿ ಇತ್ತು, ಖಬರು ಇತ್ತು, ಜವಾಬ್ದಾರಿ ಇತ್ತು. ಒಬ್ಬ ಪಾಲನೆ ಪೋಷಣೆ ಎಂದು ಹೇಳಿದ್ದಕ್ಕೆ, ಬಜಾರದಲ್ಲಿ ಯಾರೂ ಆಡದ ಮಾತು ಬೇಡ ಎಂದು ವಾಪಸು ಕಳಿಸಿದ್ದರು. ತಂಟೆಕೋರನೊಬ್ಬ ಉಸಾಬರಿ ಎಂದು ಬರೆಸಿದ. ಚಾಚಾನಿಗೆ ಅದು ಎಲ್ಲಕ್ಕಿಂತ ಹಿಡಿಸಿತು. ಊರ ಮಂದಿ ತಮಗೆ ದಿನಾ ಆಡುವ ಮಾತೇ ಅದು, ನಿನಗ್ಯಾಕೆ ಬೇಕು ಈ ಉಸಾಬರಿ ಎಂದು, ಹೇಳಿಕೊಂಡು ನಕ್ಕರಂತೆ.

ನಾನು ತಾಂಬಾದವಳು. ಅಂಜುಬುರುಕಿ. ಬಸ್ಸು ಹತ್ತಿದರೆ ಇಳಿಯುವ ಊರು ದಾಟಿತೇನೋ ಎಂಬ ಅಂಜಿಕೆ, ಬೀಗ ಹಾಕಿ ಬಂದರೆ ಹಾಕಿದೆನೋ ಇಲ್ಲವೋ ಎಂಬ ಅಂಜಿಕೆ. ನನ್ನ ಸರದಿ ಬಂದಾಗ ಕಾಳಜಿ ಎಂದೆ. ಅದು ಆಗಲೇ ಪಟ್ಟಿಯಲ್ಲಿತ್ತು. ಯಾವ ಕಾಳಜಿ ಎಂದು ಚಾಚಾ ಕೇಳಿದರು. ಗೋವಾದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋದ ನಮ್ಮಣ್ಣನ ಫೋನು ಬಾರದಿದ್ದರೆ ಅವ್ವನಿಗೆ ಹತ್ತುತ್ತದಲ್ಲ, ಆ ಕಾಳಜಿ ಎಂದೆ. ಅವರು ಅದನ್ನು ಪಟ್ಟಿಯಲ್ಲಿ ಎರಡನೆಯ ಸಲ ಬರೆದುಕೊಂಡರು. ಮೊದಲಿನದು ನೋಡಿಕೊಳ್ಳುವ ಕಾಳಜಿ, ಇದು ಜೀವ ತಿನ್ನುವ ಕಾಳಜಿ, ಎರಡೂ ಬೇರೆ ಎಂದರು. ಇಂಗ್ಲಿಷಿನವರೂ ನಮ್ಮಂತೆಯೇ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟಿದ್ದಾರೆ ಎಂದೂ ಹೇಳಿದರು.

ಆ ಪದ ಎಲ್ಲಿ ಕಂಡರೂ ಅವರು ಅದಕ್ಕೆ ಮರ್ಯಾದೆ ಕೊಡುತ್ತಿದ್ದರು. ಪಾರ್ಸಲಿನ ಮೇಲೆ ‘ಹ್ಯಾಂಡಲ್ ವಿತ್ ಕೇರ್’ ಎಂದು ಅಚ್ಚಾಗಿದ್ದರೆ ಅದನ್ನು ಬಾಣಂತಿಯ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರು. ಒಳಗಿರುವುದು ಪ್ಲಾಸ್ಟಿಕ್ ಚಪ್ಪಲಿ ಎಂದು ನಾವು ಹೇಳಿದರೂ ಕೇಳುತ್ತಿರಲಿಲ್ಲ. ಮೊಬೈಲಿನ ಕಸ್ಟಮರ್ ಕೇರಿಗೆ ಫೋನು ಹಚ್ಚಿದರೆ, ತಮ್ಮ ತಕರಾರು ಹೇಳುವ ಮೊದಲು ಆ ಕಡೆಯ ಹುಡುಗಿಗೆ ಊಟವಾಯಿತೇ ಎಂದು ಕೇಳುತ್ತಿದ್ದರು. ಹೆಸರಿನಲ್ಲೇ ಕೇರ್ ಇದ್ದ ಮೇಲೆ ಎರಡೂ ಕಡೆಯಿಂದ ಇರಬೇಕಲ್ಲ ಎನ್ನುವುದು ಅವರ ನ್ಯಾಯ.

ಪತ್ರಗಳ ವಿಷಯದಲ್ಲಿ ಅವರಿಗೆ ಎರಡು ಕಟ್ಟುನಿಟ್ಟು. ಯಾರ ಪತ್ರವೋ ಅವರ ಕೈಗೇ ಕೊಡಬೇಕು. ಮತ್ತು ಏನೇ ಆದರೂ ಇನ್ನೊಬ್ಬರ ಪತ್ರ ಒಡೆಯಬಾರದು. ಯಾರಾದರೂ ನಾಲ್ಕು ದಿನ ಈ ಕಡೆ ಬಾರದಿದ್ದರೆ ಆ ಊರಿನ ಬಸ್ಸಿನ ಕಂಡಕ್ಟರನ ಮೂಲಕ ಹೇಳಿ ಕಳಿಸುತ್ತಿದ್ದರು. ಕನ್ನೊಳ್ಳಿಯ ಗೆಳತಿ ಜ್ವರ ಬಂದು ಊರಲ್ಲಿ ಮಲಗಿದ್ದಾಗ, ಅವಳ ಹಾಲ್ ಟಿಕೆಟನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಅವಳ ಮನೆಗೇ ಹೋಗಿ ಕೊಟ್ಟು ಬಂದಿದ್ದರು. ಕೆಂಪು ಕ್ಲಿಪ್ಪು ಅವಸರದ ಪತ್ರಕ್ಕೆ, ಹಸಿರು ಉಳಿದದ್ದಕ್ಕೆ. ನಮಗೆಲ್ಲ ಕೆಂಪಿನದೇ ಆಸೆ.

ನಾನು ನರ್ಸ್ ತರಬೇತಿ ಮುಗಿಸಿದ್ದೆ. ಕೆಲಸ ಸಿಗುವವರೆಗೆ ಖಾಲಿ ಕೂರುವುದು ಬೇಡವೆಂದು ಬಿ.ಎ. ಸೇರಿದ್ದೆ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು. ಈ ವರ್ಷ ನೌಕರಿ ಬಂದರೆ ಸರಿ, ಬಾರದಿದ್ದರೆ ಲಗ್ನ. ಗಂಡು ಆಗಲೇ ನೋಡಿಟ್ಟಾಗಿತ್ತು. ಆ ಮನೆಯವರು ಸೊಸೆಯನ್ನು ಹೊರಗೆ ದುಡಿಯಲು ಕಳಿಸುವವರಲ್ಲ. ಅದೇ ಹೊತ್ತಿಗೆ ಜಿಲ್ಲೆಯ ಆಸ್ಪತ್ರೆಗಳಿಗೆ ನರ್ಸ್ ಬೇಕೆಂದು ಜಾಹೀರಾತು ಬಂತು. ಅರ್ಜಿ ಹಾಕಿದೆ. ವಿಳಾಸದಲ್ಲಿ ಕೇರ್ ಆಫ್ ಚಾಚಾನ ಅಂಗಡಿ. ಮೂಲ ಕಾಗದಪತ್ರ ತೆಗೆದುಕೊಂಡು ಬರಲು ಕರೆದರೆ ಅರ್ಧ ಗೆದ್ದಂತೆ ಎಂದು ಎಲ್ಲರೂ ಹೇಳಿದ್ದರು. ನನ್ನ ಮುಂದಿನ ಬಾಳೆಲ್ಲ ಒಂದು ಲಕೋಟೆಯಲ್ಲಿ ಬರುವುದಿತ್ತು.

ಅದೇ ಹೊತ್ತಿಗೆ ಅಣ್ಣನ ಸುದ್ದಿಯೂ ನಿಂತಿತು. ಮೊದಲು ಎಂಟು ದಿನಕ್ಕೊಮ್ಮೆ ಊರಿನ ಕಿರಾಣಿ ಅಂಗಡಿಗೆ ಫೋನು ಮಾಡುತ್ತಿದ್ದ. ನಾಲ್ಕು ತಿಂಗಳಾದರೂ ಫೋನಿಲ್ಲ. ನಾವು ಮಾಡಿದರೆ ಹತ್ತುತ್ತಿರಲಿಲ್ಲ. ಅವನ ಜೊತೆ ಹೋದವರು ಬೇರೆ ಕಡೆ ಕೆಲಸ ಹಿಡಿದಿದ್ದರು. ಅವ್ವ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಎತ್ತರದ ಕಟ್ಟಡದಿಂದ ಅವನು ಬಿದ್ದಂತೆ ನನಗೆ ಹಗಲಿನಲ್ಲೇ ಕಣ್ಣ ಮುಂದೆ ಬರುತ್ತಿತ್ತು. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ, ಚಾಚಾನ ಹತ್ತಿರ ಬಿಟ್ಟು. ಅವರು ಗೋವಾದ ಕಡೆ ಹೋಗುವ ಲಾರಿಯವರಿಂದ ಕೇಳಿಸಿದ್ದರು. ಏನೂ ತಿಳಿದಿರಲಿಲ್ಲ.

ಪರೀಕ್ಷೆಗಳು ಶುರುವಾದವು. ಪ್ರತಿ ದಿನ ಪೇಪರು ಮುಗಿಸಿ ನೇರ ಅಂಗಡಿಗೆ ಹೋಗುತ್ತಿದ್ದೆ. ಮೆಟ್ಟಿಲು ಹತ್ತುವಾಗಲೇ ಹಗ್ಗದ ಮೇಲೆ ಕಣ್ಣು. ಚಾಚಾ ಪೇಪರು ಹೇಗಿತ್ತು ಎಂದು ಕೇಳುತ್ತಿದ್ದರು, ನಾನು ಪತ್ರ ಬಂತೇ ಎಂದು ಕೇಳುತ್ತಿದ್ದೆ. ಬಂದಿಲ್ಲವ್ವಾ ಎನ್ನುತ್ತಿದ್ದರು. ಮೊದಲೆಲ್ಲ ಹಾಗೆಂದು ನಾಲ್ಕು ಸಮಾಧಾನದ ಮಾತು ಸೇರಿಸುತ್ತಿದ್ದವರು ಆ ದಿನಗಳಲ್ಲಿ ಬೇಗ ಬೇರೆ ಗಿರಾಕಿಯ ಕಡೆ ತಿರುಗಿಬಿಡುತ್ತಿದ್ದರು. ಒಂದು ದಿನ ನನ್ನನ್ನು ಬಲವಂತದಿಂದ ಮನೆಗೆ ಕಳಿಸಿ ಚಾಚಿಯ ಕೈಯಿಂದ ಊಟ ಹಾಕಿಸಿದರು. ಅಂಗಡಿಯ ಹಿಂದೆಯೇ ಅವರ ಮನೆ. ನನಗೆ ಅದು ಯಾವುದೂ ವಿಚಿತ್ರವೆನಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲಕೋಟೆ.

ಕೊನೆಯ ಪೇಪರಿನ ದಿನ ಕಾಲೇಜಿನ ಗೇಟಿನಲ್ಲಿ ಅಂಚೆಯವರು ಸೈಕಲ್ ನಿಲ್ಲಿಸಿ ಮಾತಾಡಿಸಿದರು. ಪತ್ರದಲ್ಲಿ ಏನು ಬಂದಿತ್ತು ತಂಗಿ ಎಂದು ಕೇಳಿದರು. ಯಾವ ಪತ್ರ ಎಂದೆ. ಹೋದ ವಾರವೇ ಅಂಗಡಿಗೆ ಕೊಟ್ಟೆನಲ್ಲ ಎಂದರು. ಒಂಬತ್ತು ದಿನವಾಗಿತ್ತು. ಗೇಟಿನಿಂದ ಅಂಗಡಿಯವರೆಗೆ ನಾನು ಓಡಿದೆನೋ ನಡೆದೆನೋ ನೆನಪಿಲ್ಲ.

ನನ್ನ ಮುಖ ನೋಡಿಯೇ ಚಾಚಾನಿಗೆ ಗೊತ್ತಾಯಿತು. ಹಗ್ಗದ ಹತ್ತಿರ ಹೋಗಲಿಲ್ಲ. ಅಂಗಡಿಯಿಂದ ಕೆಳಗಿಳಿದು ಹೊರಗೆ ಬಂದು, ಮುಂಗಟ್ಟಿನ ತಗಡಿನ ಸಂದಿಗೆ ಕೈ ಹಾಕಿ ಒಂದು ಲಕೋಟೆ ತೆಗೆದರು. ಕೈಬರಹದ ವಿಳಾಸ. ಕಳಿಸಿದವರ ಹೆಸರಿರಬೇಕಾದ ಮೂಲೆ ಹರಿದುಹೋಗಿತ್ತು. ಒಳಗಿಟ್ಟುಕೊಳ್ಳುವಷ್ಟೂ ಬೆಲೆ ಇಲ್ಲವೆಂಬಂತೆ ನನ್ನ ಪತ್ರವನ್ನು ಬೀದಿಯ ಧೂಳಿನಲ್ಲಿ ಇಟ್ಟಿದ್ದರು.

“ಕುಂಡ್ರವ್ವಾ. ಮೊದ್ಲ ಸ್ವಲ್ಪ ನೀರ ಕುಡಿ,” ಎಂದರು.

ನಾನು ಕಸಿದುಕೊಂಡು ಒಡೆದೆ. ಕರೆಪತ್ರ. ಮೂಲ ಕಾಗದಪತ್ರಗಳೊಂದಿಗೆ ಹಾಜರಾಗಬೇಕಾದ ದಿನ ಮೊನ್ನೆಯೇ ಮುಗಿದಿತ್ತು. ಓದಿ ಮುಗಿಸುವಷ್ಟರಲ್ಲಿ ಅವರು ನನ್ನ ಪಕ್ಕದಲ್ಲೇ ಬಾಗಿ ನಿಂತಿದ್ದರು.

“ಮನ್ಯಾಗ ಎಲ್ಲಾರೂ ಆರಾಮ ಅದಾರಂತ?” ಎಂದು ಕೇಳಿದರು.

ಇದು ನೌಕರಿಯ ಪತ್ರ, ಮನೆಯದಲ್ಲ ಎಂದೆ. ಆಗ ಅವರ ಮುಖ ಅರಳಿತು. ಸುಳ್ಳಲ್ಲ, ಕಣ್ಣಾರೆ ನೋಡಿದ್ದೇನೆ. ಎರಡೂ ಕೈ ಎದೆಗೆ ಒತ್ತಿಕೊಂಡು ದೇವರಿಗೆ ಶುಕ್ರಿಯಾ ಹೇಳಿದರು. ಇನ್ನೇನು ನಕ್ಕೇಬಿಡುತ್ತಾರೆ ಎನ್ನುವ ಹಾಗಿದ್ದರು. ನನ್ನ ಬಾಳು ಹಾಳಾದ ಕಾಗದ ನನ್ನ ಕೈಯಲ್ಲಿ, ಅವರ ಮುಖದಲ್ಲಿ ಸಂತೋಷ.

ಬಸ್ಸಿಗೆ ಕಾಯುತ್ತಿದ್ದ ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ನನ್ನ ಹೆಸರಿನ ಪತ್ರ ಬಚ್ಚಿಟ್ಟು ದಿನಾ ಮುಖ ನೋಡಿ ಸುಳ್ಳು ಹೇಳಿದ್ದಾರೆ ಎಂದೆ. ಇವರನ್ನು ನಂಬಿ ವಿಳಾಸ ಕೊಡಬೇಡಿ ಎಂದೆ. “ನನ್ನ ನೌಕ್ರಿ ನುಂಗಿದಾಂವ ಇವ್ನ,” ಎಂದೆ. ಅಪ್ಪನ ವಯಸ್ಸಿನವರನ್ನು ಏಕವಚನದಲ್ಲಿ ಅಂದೆ. ಕನ್ನೊಳ್ಳಿಯ ಗೆಳತಿ ಅಲ್ಲೇ ನಿಂತಿದ್ದಳು. ಕಾಲೇಜಿನ ಅರ್ಧ ಮಂದಿ ಅಲ್ಲಿದ್ದರು.

ಅಷ್ಟು ಹೊತ್ತಿಗೆ ಪತ್ರದಲ್ಲಿ ಏನು ಹೋಯಿತೆಂದು ಅವರಿಗೆ ಅರ್ಥವಾಗಿತ್ತು. ಯಾಕೆ ಬಚ್ಚಿಟ್ಟಿರಿ ಎಂದು ಯಾರೋ ಕೇಳಿದರು. ನಾನೂ ಕೇಳಿದೆ, ಎರಡು ಸಲ. ಅವರು ಬಾಯಿ ತೆರೆದರು, ನನ್ನ ಮುಖ ನೋಡಿದರು, ಮತ್ತೆ ಮುಚ್ಚಿದರು.

“ತಪ್ಪಾತವ್ವಾ,” ಎಂದರು. ಅಷ್ಟೇ.

ಮರುದಿನ ಮೊದಲ ಬಸ್ಸಿಗೆ ವಿಜಯಪುರಕ್ಕೆ ಹೊರಟೆ. ಅವರೂ ಅದೇ ಬಸ್ಸಿಗೆ ಬಂದರು. ನಾನು ಮುಂದೆ ಹೆಂಗಸರ ಸೀಟಿನಲ್ಲಿ ಕೂತು ಒಮ್ಮೆಯೂ ಹಿಂದೆ ನೋಡಲಿಲ್ಲ. ಕಚೇರಿಯಲ್ಲಿ ಗುಮಾಸ್ತರು, ಪಟ್ಟಿ ಮೇಲೆ ಹೋಗಿದೆ, ಇನ್ನು ಏನೂ ಮಾಡಲಾಗದು ಎಂದು ಸಮಾಧಾನದಿಂದಲೇ ಹೇಳಿದರು. ಚಾಚಾ ಟೇಬಲ್ಲಿನ ಮುಂದೆ ನಿಂತು, ಪತ್ರ ಹುಡುಗಿಗೆ ಮುಟ್ಟಲಿಲ್ಲ, ಕೇರ್ ಆಫ್ ನಾನು, ತಪ್ಪು ನನ್ನದು, ಬೇಕಾದರೆ ಬರೆದುಕೊಡುತ್ತೇನೆ ಎಂದು ಮತ್ತೆ ಮತ್ತೆ ಹೇಳಿದರು. ಒಳಗಿನ ಸಾಹೇಬರ ಬಾಗಿಲಲ್ಲಿ ಮಧ್ಯಾಹ್ನದವರೆಗೆ ನಿಂತರು. ಸಾಹೇಬರೂ ಅದೇ ಮಾತು ಹೇಳಿದರು. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನನಗೆಂದು ಬಾಳೆಹಣ್ಣು ತಂದರು. ನಾನು ಮುಟ್ಟಲಿಲ್ಲ. ರೂಮು ಖಾಲಿ ಮಾಡಿ ತಾಂಬಾಕ್ಕೆ ಹೋದೆ.

ನನ್ನ ಮಾತು ನನಗಿಂತ ಜೋರಾಗಿ ಓಡಾಡಿತು. ಹೊಸದಾಗಿ ಬಂದ ಹುಡುಗರು ಬೇರೆ ಅಂಗಡಿಯ ವಿಳಾಸ ಕೊಡತೊಡಗಿದರಂತೆ. ಹಳಬರೂ ಒಬ್ಬೊಬ್ಬರಾಗಿ ಬಿಟ್ಟರಂತೆ. ಕೊನೆಗೆ ಚಾಚಾ ತಾವೇ ಹಗ್ಗ ಬಿಚ್ಚಿ ಇಟ್ಟು, ಇನ್ನು ಮೇಲೆ ಯಾರ ಪತ್ರವನ್ನೂ ತಮ್ಮಲ್ಲಿ ಹಾಕಬೇಡಿ ಎಂದು ಅಂಚೆಯವರಿಗೆ ಹೇಳಿದರು ಎಂಬ ಸುದ್ದಿಯನ್ನು ಗೆಳತಿ ತಂದಳು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಸಮಾಧಾನವೇ.

ದೀಪಾವಳಿಗೆ ಅಣ್ಣ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಹೊಸ ಫೋನು, ಮೈ ತುಂಬಿಕೊಂಡು ನಮಗಿಂತ ಚೆನ್ನಾಗಿದ್ದ. ಹಳೆಯ ಫೋನು ಕಾಂಕ್ರೀಟಿನಲ್ಲಿ ಬಿತ್ತು, ನಂಬರು ನೆನಪಿರಲಿಲ್ಲ, ಪತ್ರ ಬರೆಯಲು ಬೇಸರ ಎಂದ. ಅವ್ವ ಒಂದು ಕೈಯಿಂದ ಹೊಡೆಯುತ್ತ ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದಳು. ನನ್ನ ಲಗ್ನದ ಮಾತು ಬಂದಾಗ ಅವನು ಅಪ್ಪನೊಂದಿಗೆ ಜಗಳವಾಡಿ, ಇನ್ನೊಂದು ವರ್ಷ ತಡೆಯಿರಿ, ಮತ್ತೆ ಅರ್ಜಿ ಹಾಕಲಿ ಎಂದು ಒಪ್ಪಿಸಿದ. ಅಪ್ಪ ಒಂದೇ ವರ್ಷ ಎಂದು ಬೆರಳೆತ್ತಿ ತೋರಿಸಿದರು.

ಕಾಲೇಜಿನಿಂದ ಸರ್ಟಿಫಿಕೇಟ್ ತರಲು ಇಂಡಿಗೆ ಹೋದೆ. ಚಾಚಾನ ಅಂಗಡಿಯ ಸಾಲು ಬೇಡವೆಂದು ಹಿಂದಿನ ಓಣಿಯಿಂದ ಬರುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಚಾಚಿ ನನ್ನನ್ನು ಕಂಡು ಮೊರ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, ಅಣ್ಣ ಬಂದಾನಂತ, ಖರೇನಾ ಎಂದು. ಖರೆ ಎಂದೆ. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನ್ನ ಹೇಳಿದ್ರ ಅಡ್ಡಿ ಇಲ್ಲ,” ಎಂದರು. ಆಮೇಲೆ ಹೇಳಿದರು.

ಹಿಂದೆ, ಸಾವಿನ ಸುದ್ದಿ ಬರೆದ ಕಾರ್ಡಿನ ಒಂದು ಮೂಲೆ ಹರಿದು ಕಳಿಸುತ್ತಿದ್ದರು. ನೋಡಿದ ತಕ್ಷಣ ಗೊತ್ತಾಗಲಿ ಎಂದು. ಅಂಥ ಕಾರ್ಡನ್ನು ಮನೆಯೊಳಗೆ ಒಯ್ಯುವಂತಿರಲಿಲ್ಲ. ಹೊರಗೆ ನಿಂತು ಓದಿ, ಅಲ್ಲಿಯೇ ಹರಿದು ಒಗೆಯುತ್ತಿದ್ದರು. ನಮ್ಮವ್ವನ ಬಾಯಲ್ಲೂ ನಾನು ಇದನ್ನು ಕೇಳಿದ್ದೆ, ಆದರೆ ನನ್ನ ಕಾಲಕ್ಕೆ ಅದು ನಿಂತೇಹೋಗಿತ್ತು. ಚಾಚಾ ಹುಡುಗನಾಗಿದ್ದಾಗ ಅಕ್ಷರ ಬಾರದವರಿಗೆ ಅಂಥ ಎಷ್ಟೋ ಕಾರ್ಡುಗಳನ್ನು ಬೀದಿಯಲ್ಲಿ ನಿಂತು ಓದಿ ಹೇಳಿದವರು. ನನ್ನ ಹೆಸರಿನ, ಕೈಬರಹದ, ಯಾರು ಬರೆದರೆಂದು ತಿಳಿಯದ ಆ ಲಕೋಟೆ ಮೂಲೆ ಹರಿದುಕೊಂಡು ಬಂದಾಗ ಅವರಿಗೆ ಆ ಕಾರ್ಡುಗಳೇ ನೆನಪಾದವಂತೆ. ಮಳೆಗೋ ಚೀಲಕ್ಕೋ ಸಿಕ್ಕಿ ಹರಿದದ್ದು ಎಂದು ಅವರಿಗೆ ಹೊಳೆಯಲಿಲ್ಲ. ಗೋವಾದ ಹುಡುಗ ಹೋದ ಎಂದೇ ತಿಳಿದರು. ನನಗೆ ಪರೀಕ್ಷೆ ನಡೆದಿತ್ತು. ಒಡೆದು ನೋಡಿರಿ ಎಂದು ಚಾಚಿ ಹೇಳಿದರೆ, ಒಬ್ಬರ ಪತ್ರವನ್ನೂ ತಾನು ಒಡೆದಿಲ್ಲ, ಅದೂ ಇಂಥದ್ದನ್ನು ಒಡೆಯಲೇ ಎಂದರಂತೆ. ಕೊನೆಯ ಪೇಪರು ಮುಗಿಯಲಿ, ಆಮೇಲೆ ಮನೆಗೆ ಕರೆದು, ಹುಡುಗಿಯ ಮಗ್ಗುಲಲ್ಲಿ ನಿನ್ನನ್ನು ಕೂರಿಸಿ ಕೊಡುತ್ತೇನೆ ಎಂದು ಚಾಚಿಗೆ ಹೇಳಿ, ಲಕೋಟೆಯನ್ನು ಒಳಗೆ ತರದೆ ತಗಡಿನ ಸಂದಿಯಲ್ಲಿ ಇಟ್ಟರು. ಒಂಬತ್ತು ದಿನ ನನ್ನ ಮುಖ ನೋಡಿದಾಗಲೆಲ್ಲ ಮನೆಗೆ ಬಂದು ಊಟ ಬಿಟ್ಟು ಏಳುತ್ತಿದ್ದರು.

ಅಂದು ಜನರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಏನೆಂದಿದ್ದರೆಂದು ಚಾಚಿ ಹೇಳಿದರು.

“ಆ ಹುಡುಗನ ಪತ್ತೆ ಇನ್ನಾ ಇಲ್ಲ. ನಿಮ್ಮಣ್ಣ ಹೋಗ್ಯಾನಂತ ತಿಳ್ಕೊಂಡಿದ್ದೆ ಅಂತ ಆ ಕೂಸಿನ ಮುಂದ ಹೆಂಗ ಹೇಳ್ಲಿ? ಅಂದ್ರು. ಅಂವ ಮನಿ ಮುಟ್ಟೂತನ ನೀನೂ ಬಾಯಿ ಬಿಡಬ್ಯಾಡ ಅಂದ್ರು.”

ಹಿತ್ತಲಿನಿಂದ ಒಳಗೆ ಹಾಯ್ದು ಅಂಗಡಿಗೆ ಹೋದೆ. ಚಾಚಾ ಯಾರಿಗೋ ಪೆನ್ನು ಗೀಚಿ ತೋರಿಸುತ್ತಿದ್ದರು. ಕಾಲರಿನಲ್ಲಿ ಕ್ಲಿಪ್ಪು ಇರಲಿಲ್ಲ, ಅದಕ್ಕೇ ಇರಬೇಕು, ಬಹಳ ಮುದುಕರಾದಂತೆ ಕಂಡರು. ಕಾಲು ಮುಟ್ಟಲು ಹೋದರೆ ಹಿಂದೆ ಸರಿದರು. ಅಣ್ಣನ ಬಗ್ಗೆ ಒಂದೊಂದಾಗಿ ಕೇಳಿದರು. ಫೋನು ಕಾಂಕ್ರೀಟಿನಲ್ಲಿ ಬಿದ್ದದ್ದಕ್ಕೆ ಹೊಟ್ಟೆ ಹಿಡಿದು ನಕ್ಕರು. ನಾನು ಅಳುತ್ತಿದ್ದೆ.

“ನನಗರ ಹೇಳ್ಬೇಕಿತ್ತಲ್ರಿ ಚಾಚಾ,” ಎಂದೆ.

“ಹೇಳಿದ್ರ ನಿನ್ನ ನೌಕ್ರಿ ತಿರುಗಿ ಬರತಿತ್ತೇನವ್ವಾ? ಇದ್ದ ಕಾಳಜಿಗೆ ಇನ್ನೊಂದ ಹತ್ತತಿತ್ತು.” ಕಪಾಟಿನ ಬಾಗಿಲ ಕಡೆ ನೋಡಿದರು. “ತಪ್ಪ ಮಾತ್ರ ನಂದ ಐತಿ. ಆ ಪಟ್ಟಿಯೊಳಗ ಇಷ್ಟ ಅದಾವ, ಎಲ್ಲಾನೂ ಒಮ್ಮೆ ಮಾಡಾಕ ಆಗೂದಿಲ್ಲ. ನಿನ್ನ ಜೀವಾ ಸಂಭಾಳಸಾಕ ಹೋಗಿ ನಿನ್ನ ಪತ್ರ ಸಂಭಾಳಸಲಿಲ್ಲ.”

ಹೊಸ ಅರ್ಜಿಯ ಫಾರ್ಮು ನನ್ನ ಚೀಲದಲ್ಲೇ ಇತ್ತು. ಅದನ್ನು ತೆಗೆದು ಅವರ ಎದುರೇ ಬರೆಯತೊಡಗಿದೆ. ವಿಳಾಸದ ಜಾಗಕ್ಕೆ ಬಂದಾಗ ಅವರು ನನ್ನ ಕೈ ಮೇಲೆ ಕೈ ಇಟ್ಟು ತಡೆದರು. ಬೇಡ, ಇದು ಕೊನೆಯ ವರ್ಷ, ಬೇರೆ ಯಾರದಾದರೂ ಹಾಕು ಎಂದರು. ನನಗೂ ಅಂಜಿಕೆಯಿತ್ತು, ಸುಳ್ಳೇಕೆ ಹೇಳಲಿ. ಈ ಸಲ ತಪ್ಪಿದರೆ ಮುಂದೆ ದಾರಿ ಇರಲಿಲ್ಲ. ಆದರೂ ಬರೆದೆ. ಮತ್ತೆ ಮೂಲೆ ಹರಿದುಕೊಂಡು ಬಂದರೆ ಏನು ಮಾಡಲಿ ಎಂದು ಕೇಳಿದರು. ಒಡೆಯಿರಿ ಎಂದೆ. ಬಾಯಿಮಾತು ನಡೆಯದು ಎಂದರು. ಒಂದು ಹಾಳೆಯಲ್ಲಿ, ನನ್ನ ಹೆಸರಿಗೆ ಬಂದ ಪತ್ರವನ್ನು ಒಡೆದು ಓದಲು ಚಾಚಾನಿಗೆ ನನ್ನ ಒಪ್ಪಿಗೆ ಇದೆ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅದನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡರು.

ಮುಂದಿನ ಮೂರು ತಿಂಗಳು ನನ್ನ ಬಾಳಿನ ಅತ್ಯಂತ ಉದ್ದನೆಯ ಕಾಲ. ಊರ ದಾರಿಯಲ್ಲಿ ಬಸ್ಸಿನ ಹಾರ್ನು ಕೇಳಿದರೆ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಅಪ್ಪ ಗಂಡಿನ ಮನೆಯವರಿಗೆ ಲಗ್ನದ ತಿಂಗಳು ಹೇಳಿಬಿಟ್ಟಿದ್ದರು. ಒಂದು 	ಮಧ್ಯಾಹ್ನ ಇಂಡಿಯ ಬಸ್ಸಿನಿಂದ ಚಾಚಾ ಇಳಿದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಹೊಸ್ತಿಲ ಹೊರಗೇ ನಿಂತು ಒಳಜೇಬಿನಿಂದ ಲಕೋಟೆ ತೆಗೆದರು. ನಾಲ್ಕೂ ಮೂಲೆ ನೆಟ್ಟಗಿದ್ದವು. ಒಡೆದಿರಲಿಲ್ಲ. ನನ್ನ ಸಹಿಯ ಹಾಳೆ ಇದ್ದರೂ ಮನಸ್ಸಾಗಲಿಲ್ಲ, ಹಾಗೆಂದು ಒಂದು ಬಸ್ಸನ್ನೂ ತಪ್ಪಿಸಲಿಲ್ಲ ಎಂದರು. ನಾನು ಒಡೆಯುವಾಗ ಅವರು ಮುಖ ತಿರುಗಿಸಿ ಕಣ್ಣು ಮುಚ್ಚಿ ನಿಂತಿದ್ದರು. ಹಾಜರಾಗುವ ದಿನಕ್ಕೆ ಇನ್ನೂ ಹನ್ನೊಂದು ದಿನವಿತ್ತು.

ಬಸವನ ಬಾಗೇವಾಡಿಯ ಹತ್ತಿರದ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಆಮೇಲೆ ಮುದ್ದೇಬಿಹಾಳದ ಕಡೆ, ತಂಗಡಗಿಯಲ್ಲಿ ಹೊಳೆಯ ದಂಡೆಗೆ ಮನೆ ಮಾಡಿದೆ. ಲಗ್ನವನ್ನೂ ನಾನೊಪ್ಪಿದವರೊಂದಿಗೆ ಆದೆ. ವರ್ಷಕ್ಕೊಮ್ಮೆ ಚಾಚಾನನ್ನು ನೋಡಲು ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ನಾವು ಕೇರ್ ಎಂದು ಯಾವುದಕ್ಕೆಲ್ಲ ಹೇಳುತ್ತೇವೆ ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಗಾಯ ತೊಳೆಯುವುದು, ಕೂಸಿನ ತೂಕ ನೋಡುವುದು, ಸಾಯುವವರ ಪಕ್ಕ ಕೂರುವುದು. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂದು, ಪತ್ರದ ವಿಳಾಸ ಯಾರಿಗೂ ಬೇಕಿರಲಿಲ್ಲ. ಹಗ್ಗವನ್ನು ಅವರು ಮತ್ತೆ ಕಟ್ಟಲೇ ಇಲ್ಲ.

ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ. ಹೋಗಿ ಚಾಚಿಯ ಪಕ್ಕ ಕೂತು ಬಂದೆ. ತಿರುಗಿ ಬರುವಾಗ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಕನ್ನೊಳ್ಳಿಯ ಗೆಳತಿ ಸಿಕ್ಕಳು. ಮೊಮ್ಮಗುವನ್ನು ಎತ್ತಿಕೊಂಡಿದ್ದಳು. ಇಂಡಿಯ ಚಾಚಾ ಹೋದರು ಎಂದೆ. ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

“ಯಾರು, ನಿನ್ನ ನೌಕ್ರಿ ನುಂಗಿದ್ನಲ್ಲ, ಅಂವಾ?” ಎಂದಳು.

ಜ್ವರದಲ್ಲಿ ಮಲಗಿದ್ದವಳ ಮನೆಗೆ ಅವರು ಹಾಲ್ ಟಿಕೆಟ್ ಮುಟ್ಟಿಸಿದ್ದು ಅವಳಿಗೆ ಮರೆತುಹೋಗಿತ್ತು. ನನ್ನ ಕೂಗು ಮಾತ್ರ ಉಳಿದಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಮೊದಲಿನಿಂದ ಹೇಳತೊಡಗಿದೆ. ಅಣ್ಣ ಮನೆ ಮುಟ್ಟಿದ ಭಾಗ ಬರುವುದರೊಳಗೆ ಅವಳ ಬಸ್ಸು ಬಂತು. ಆಮೇಲೆ ಫೋನು ಮಾಡು ಎಂದು ಹತ್ತಿಹೋದಳು.

ಅಂದು ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೂಗು ಕೇಳಿದವರು ಯಾವ ಯಾವ ಊರಿನ ಬಸ್ಸು ಹತ್ತಿ ಹೋದರೋ ನನಗೆ ಗೊತ್ತಿಲ್ಲ. ಅವರೆಲ್ಲರ ಮನೆಯಲ್ಲಿ ಚಾಚಾ ಇನ್ನೂ ನೌಕರಿ ನುಂಗಿದವರಾಗಿಯೇ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಅವತ್ತು ನಾನು ಹೇಳಿದ್ದು ಸುಳ್ಳು.